ಕಾಡಿನ ಜನರ ಜ್ಞಾನ: ಗುಟ್ಟಿನ ಮೂಲಿಕೆಯೂ ಅಲ್ಲ, ಮೂಢನಂಬಿಕೆಯೂ ಅಲ್ಲ

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವವರು ಬಾದಾಮಿಗೆ ತಿರುಗಿಕೊಳ್ಳುವ ಜಾಗ ಕುಳಗೇರಿ ಕ್ರಾಸ್. ನಮ್ಮ ತಂಡದ ಒಬ್ಬರ ಮನೆ ಅಲ್ಲೇ ಹತ್ತಿರ. ಕಳೆದ ಬೇಸಿಗೆಯಲ್ಲಿ ಅವರ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದೇ ವಾರದಲ್ಲಿ ಎರಡು ಫಾರ್ವರ್ಡ್ ಬಂದವು.

ಮೊದಲನೆಯದು ಒಂದು ವಿಡಿಯೊ. ಗುಡ್ಡವೊಂದು ಹೊತ್ತಿ ಉರಿಯುತ್ತಿದೆ. ಕೆಳಗೆ ಬರಹ: "ಕಾಡಿಗೆ ಬೆಂಕಿ ಹಚ್ಚುವವರು ಕಾಡಿನ ಜನರೇ. ಅವರನ್ನು ಹೊರಗೆ ಹಾಕಿದರೆ ಮಾತ್ರ ಕಾಡು ಉಳಿಯುತ್ತದೆ." ಎರಡನೆಯದು ಒಂದು ಫೋಟೊ. ತಲೆಗೆ ಗರಿ ಕಟ್ಟಿಕೊಂಡ ಒಬ್ಬ ಮುದುಕ. ಬರಹ: "ಅಮೆಜಾನ್ ಕಾಡಿನ ವಾವೊರಾನಿ ಜನರಿಗೆ ಬಿಪಿ ಇಲ್ಲ, ಶುಗರ್ ಇಲ್ಲ, ಕ್ಯಾನ್ಸರ್ ಇಲ್ಲ. ಅವರ ಗುಟ್ಟಿನ ಬೇರು ಈಗ ನಮ್ಮಲ್ಲೂ ಲಭ್ಯ." ಕೊನೆಗೆ ಒಂದು ಫೋನ್ ನಂಬರು.

ಎರಡನ್ನೂ ಕಳಿಸಿದ್ದು ಒಬ್ಬರೇ, ನಮ್ಮ ಸಹೋದ್ಯೋಗಿಯ ದೊಡ್ಡಪ್ಪ. ಹನ್ನೆರಡು ವರ್ಷದಿಂದ ಶುಗರ್ ಇರುವವರು. ಸಂಜೆ ಅವರೇ ಫೋನ್ ಮಾಡಿ ಕೇಳಿದರು: "ಗುಳಿಗಿ ಬಿಟ್ಟು ಈ ಬೇರಿನ ಪುಡಿ ತರಿಸಿಕೊಂಡ್ರ ನಡದೀತೇನು ತಮ್ಮಾ?"

ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ಎರಡು ಫಾರ್ವರ್ಡ್‌ಗಳೂ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಒಂದು ಕಾಡಿನ ಜನರನ್ನು ಕಳ್ಳರಂತೆ ತೋರಿಸುತ್ತದೆ, ಇನ್ನೊಂದು ಮಂತ್ರವಾದಿಗಳಂತೆ ತೋರಿಸುತ್ತದೆ. ಎರಡರ ತಪ್ಪೂ ಒಂದೇ. ಆ ಜನರಿಗೆ ನಿಜವಾಗಿ ಏನು ಗೊತ್ತು ಎಂದು ಇವೆರಡೂ ಕೇಳುವುದಿಲ್ಲ.

ಸಂಕ್ಷಿಪ್ತವಾಗಿ ಹೇಳುವುದಾದರೆ

- "ಕಾಡಿನ ಜನರ ಗುಟ್ಟಿನ ಬೇರು ಶುಗರ್, ಕ್ಯಾನ್ಸರ್ ವಾಸಿ ಮಾಡುತ್ತದೆ" ಎಂಬುದು ಸುಳ್ಳು. ಅದನ್ನು ನಂಬಿ ಮಾತ್ರೆ ಬಿಡುವುದು ಅಪಾಯ.
- "ಕಾಡಿನ ಜನರ ಬೆಂಕಿಯಿಂದಲೇ ಕಾಡು ಹಾಳಾಗುತ್ತದೆ" ಎಂಬುದು ದಾರಿ ತಪ್ಪಿಸುವ ಮಾತು. ಎಲ್ಲ ಬೆಂಕಿಯೂ ಒಂದೇ ಅಲ್ಲ.
- "ಕಾಡಿನ ಜನರಿಗೆ ಕಾಡಿನ ಬಗ್ಗೆ ಆಳವಾದ ತಿಳಿವಳಿಕೆ ಇದೆ" ಎಂಬುದು ನಿಜ. ನಮ್ಮ ರಾಜ್ಯದಲ್ಲೇ ಅದಕ್ಕೆ ಒಳ್ಳೆಯ ಉದಾಹರಣೆ ಇದೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು.

ಯಾರು ಈ ವಾವೊರಾನಿಗಳು?

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಪೂರ್ವಕ್ಕೆ ಅಮೆಜಾನ್ ಮಳೆಕಾಡು ಇದೆ. ಅಲ್ಲಿ ನಾಪೊ ಮತ್ತು ಕುರಾರಾಯ್ ನದಿಗಳ ನಡುವಿನ ಪ್ರದೇಶದಲ್ಲಿ ಬದುಕುವ ಕೆಲವೇ ಸಾವಿರ ಜನ ವಾವೊರಾನಿಗಳು. ಅವರ ಭಾಷೆಗೆ ಪ್ರಪಂಚದ ಬೇರೆ ಯಾವ ಭಾಷೆಯೊಂದಿಗೂ ನಂಟು ಸಿಕ್ಕಿಲ್ಲ. ಹೊರಗಿನ ಜಗತ್ತಿನೊಂದಿಗೆ ಅವರ ನಿರಂತರ ಸಂಪರ್ಕ ಶುರುವಾದದ್ದು 1958ರಲ್ಲಿ.

1970ರ ದಶಕದಲ್ಲಿ ವೈದ್ಯರು ಅವರ ಆರೋಗ್ಯ ಪರೀಕ್ಷೆ ಮಾಡಿದಾಗ ವಯಸ್ಸಾದವರಲ್ಲೂ ರಕ್ತದೊತ್ತಡ ಕಡಿಮೆಯೇ ಇತ್ತು. ಫಾರ್ವರ್ಡ್‌ನಲ್ಲಿ ಇಷ್ಟು ಮಾತ್ರ ನಿಜ. ಆದರೆ ಅದಕ್ಕೆ ಕಾರಣ ಬೇರಿನ ಪುಡಿ ಅಲ್ಲ. ಉಪ್ಪು ತೀರ ಕಡಿಮೆ ಇರುವ ಊಟ, ದಿನವಿಡೀ ನಡಿಗೆ ಮತ್ತು ಬೇಟೆ, ತೆಳ್ಳಗಿನ ಮೈ. ಇದೇ ರೀತಿ ಬದುಕುವ ಅಮೆಜಾನಿನ ಬೇರೆ ಸಮುದಾಯಗಳಲ್ಲೂ ರಕ್ತದೊತ್ತಡ ಕಡಿಮೆ ಇರುವುದು ಕಂಡುಬಂದಿದೆ.

ಇನ್ನೊಂದು ಮಾತು ಫಾರ್ವರ್ಡ್ ಮಾಡುವವರಿಗೆ ಇಷ್ಟವಾಗಲಿಕ್ಕಿಲ್ಲ. 1983ರಲ್ಲಿ ವಾವೊರಾನಿಗಳ ಔಷಧಿ ಗಿಡಗಳ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಸುತ್ತಲೂ ಸಾವಿರಾರು ಜಾತಿಯ ಗಿಡಗಳಿದ್ದರೂ ಅವರು ಔಷಧಿಗೆ ಬಳಸುತ್ತಿದ್ದದ್ದು ಸುಮಾರು 35 ಗಿಡಗಳನ್ನು ಮಾತ್ರ. ಅವುಗಳಲ್ಲಿ ಹೆಚ್ಚಿನವು ಜ್ವರ, ಹಲ್ಲುನೋವು, ಹುಳು ಕಡಿತ, ಹಾವು ಕಡಿತ, ಚರ್ಮದ ಹುಣ್ಣು, ಗಾಯ ಮತ್ತು ನೋವಿಗೆ. ಶುಗರ್ ಮತ್ತು ಕ್ಯಾನ್ಸರ್ ಆ ಪಟ್ಟಿಯಲ್ಲಿ ಇರಲೇ ಇಲ್ಲ. ತಮಗೆ ಬಾರದ ಕಾಯಿಲೆಗೆ ಅವರು ಮದ್ದು ಹುಡುಕಿಟ್ಟಿದ್ದಾರೆ ಎಂದು ನಂಬುವುದಾದರೂ ಹೇಗೆ?

ಹಾವಿನ ಕಡಿತದ ಲೆಕ್ಕವನ್ನೂ ನೋಡಿ. ಅದೇ ಕಾಲದ ಇನ್ನೊಂದು ಅಧ್ಯಯನದ ಪ್ರಕಾರ ವಾವೊರಾನಿಗಳಲ್ಲಿ ಸುಮಾರು ಅರ್ಧದಷ್ಟು ಜನ ಒಮ್ಮೆಯಾದರೂ ಹಾವಿನಿಂದ ಕಡಿಸಿಕೊಂಡಿದ್ದರು. ಅವರಲ್ಲಿ ಆಗುತ್ತಿದ್ದ ಪ್ರತಿ 100 ಸಾವುಗಳಲ್ಲಿ ಸುಮಾರು 4 ಹಾವಿನ ವಿಷದಿಂದ. ಹಾವು ಕಡಿತಕ್ಕೆ ಮೂಲಿಕೆ ಗೊತ್ತಿದ್ದ ಜನರ ಲೆಕ್ಕ ಇದು.

ಹಾಗಾದರೆ ಅವರ ಜ್ಞಾನ ಸುಳ್ಳೇ?

ಖಂಡಿತ ಅಲ್ಲ. ಆ ಜ್ಞಾನದ ಬಲ ಎಲ್ಲಿದೆ ಎಂಬುದನ್ನು ನೋಡಬೇಕು.

ವಾವೊರಾನಿಗಳು ಮಂಗ, ಹಕ್ಕಿಗಳನ್ನು ಬೇಟೆಯಾಡುವುದು ಉದ್ದನೆಯ ಊದುಕೊಳವೆಯಿಂದ. ಅದರೊಳಗಿನ ಕಡ್ಡಿಬಾಣದ ತುದಿಗೆ ಒಂದು ಕಾಡುಬಳ್ಳಿಯ ವಿಷ ಸವರಿರುತ್ತಾರೆ. ಇಂಥ ವಿಷಗಳಿಗೆ ಒಟ್ಟಾಗಿ 'ಕ್ಯುರಾರೆ' ಎಂದು ಹೆಸರು. ವಿಷ ರಕ್ತಕ್ಕೆ ಸೇರಿದರೆ ಪ್ರಾಣಿಯ ಸ್ನಾಯುಗಳು ಸಡಿಲಾಗಿ ಅದು ಮರದಿಂದ ಬೀಳುತ್ತದೆ. ಆದರೆ ಅದೇ ಮಾಂಸ ತಿಂದವರಿಗೆ ಏನೂ ಆಗುವುದಿಲ್ಲ, ಏಕೆಂದರೆ ಆ ವಿಷ ಹೊಟ್ಟೆಯ ಮೂಲಕ ರಕ್ತಕ್ಕೆ ಸೇರುವುದು ತೀರ ಕಡಿಮೆ. ಯಾವ ಬಳ್ಳಿ, ಎಷ್ಟು ಕುದಿಸಬೇಕು, ಎಷ್ಟು ಗಟ್ಟಿಯಾಗಬೇಕು ಎಂಬುದನ್ನೆಲ್ಲ ಅವರು ಪೀಳಿಗೆಗಳ ಅನುಭವದಿಂದ ಕಂಡುಕೊಂಡಿದ್ದರು.

ಅಮೆಜಾನ್ ಜನರ ಈ ತಿಳಿವಳಿಕೆಯ ಜಾಡು ಹಿಡಿದ ವಿಜ್ಞಾನಿಗಳು ವಿಷದೊಳಗಿನ ರಾಸಾಯನಿಕವನ್ನು ಬೇರ್ಪಡಿಸಿದರು, ಪ್ರಮಾಣ ಅಳೆದರು, ಪರೀಕ್ಷೆ ಮಾಡಿದರು. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವೈದ್ಯ ಹೆರಾಲ್ಡ್ ಗ್ರಿಫಿತ್ ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಸ್ನಾಯುಗಳನ್ನು ಸಡಿಲಿಸಲು ಕ್ಯುರಾರೆಯಿಂದ ತಯಾರಿಸಿದ ಔಷಧಿ ಬಳಸಿದರು. ಅರಿವಳಿಕೆ ಚಿಕಿತ್ಸೆಯ ದಿಕ್ಕೇ ಬದಲಾಯಿತು.

ನಮ್ಮ ಪಕ್ಕದ ತಮಿಳುನಾಡಿನಲ್ಲೂ ಇಂಥದೇ ಕಥೆ ಇದೆ. ಹಾವಿನ ಜಾಡು ಹಿಡಿಯುವುದರಲ್ಲಿ ಇರುಳರನ್ನು ಮೀರಿಸಿದವರಿಲ್ಲ. 1978ರಲ್ಲಿ ಚೆನ್ನೈ ಸಮೀಪ ಅವರದೇ ಸಹಕಾರ ಸಂಘ ಶುರುವಾಯಿತು. ಇರುಳರು ಹಾವು ಹಿಡಿದು ವಿಷ ತೆಗೆದು ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ದೇಶದ ಔಷಧಿ ಕಂಪನಿಗಳು ಹಾವು ಕಡಿತದ ಚುಚ್ಚುಮದ್ದು ತಯಾರಿಸುತ್ತವೆ. ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹೊಲದಲ್ಲಿ ಹಾವು ಕಡಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ನಿನ ಹಿಂದೆ ಕಾಡಿನ ಜನರ ಜ್ಞಾನ ಹೀಗೆ ಕೆಲಸ ಮಾಡುತ್ತಿರಬಹುದು. ಅದು ಅಳತೆಗೆ, ಪರೀಕ್ಷೆಗೆ ಒಳಪಟ್ಟು ಬಂದಿರುತ್ತದೆ, ಅಷ್ಟೇ. ಹಾವು ಕಡಿದರೆ ಬೇರು ಅರೆಯುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಈಗ ಸೋಲಿಗರ ಕಡೆಗೆ

ಕುಳಗೇರಿ ಕ್ರಾಸ್‌ನಿಂದ 500 ಕಿಲೋಮೀಟರಿಗೂ ದೂರ, ರಾಜ್ಯದ ದಕ್ಷಿಣ ತುದಿಯ ಚಾಮರಾಜನಗರ ಜಿಲ್ಲೆಯಲ್ಲಿ ಬಿಳಿಗಿರಿರಂಗನ ಬೆಟ್ಟ ಇದೆ. ಅಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಮತ್ತು ಪಕ್ಕದ ತಮಿಳುನಾಡಿನ ಕಾಡುಗಳಲ್ಲಿ ಸೋಲಿಗರು ಬದುಕುತ್ತಾರೆ. ಒಟ್ಟು ಮೂವತ್ತು ಸಾವಿರಕ್ಕೂ ಹೆಚ್ಚು ಜನ. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರ. ಅವರ ಹಾಡಿಗೆ 'ಪೋಡು' ಎನ್ನುತ್ತಾರೆ. ರಾಗಿ ಕೊಯ್ಲಾದ ಮೇಲೆ ರೊಟ್ಟಿ ಹಬ್ಬ ಮಾಡುತ್ತಾರೆ. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬ ಕಥೆ ಇರುವುದರಿಂದ ದೇವರನ್ನೇ 'ಭಾವ' ಎಂದು ಕರೆಯುತ್ತಾರೆ.

ನಮ್ಮ ಕಡೆಯ ಎರಿಹೊಲದ ರೈತರಿಗೆ ಮಣ್ಣು ಹೇಗೋ ಸೋಲಿಗರಿಗೆ ಕಾಡು ಹಾಗೆ. ಬಾದಾಮಿ, ಹುನಗುಂದದ ಹಿರಿಯರು ಹಿಂಗಾರಿ ಜೋಳ ಬಿತ್ತುವ ಮೊದಲು ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡುತ್ತಾರೆ. ಹಿಂಗಾರಿ ಜೋಳಕ್ಕೆ ಮೇಲಿನ ಮಳೆಗಿಂತ ಮಣ್ಣು ಹಿಡಿದಿಟ್ಟುಕೊಂಡ ಹಸಿಯೇ ಆಧಾರ ಎಂದು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ನೂರಾರು ವರ್ಷ ಒಂದೇ ನೆಲವನ್ನು ನೋಡುತ್ತ ಬಂದಾಗ ಬರುವ ತಿಳಿವಳಿಕೆ ಅದು. ಸೋಲಿಗರದ್ದೂ ಅದೇ ಜಾತಿಯ ಜ್ಞಾನ. ನೆಲ ಮಾತ್ರ ಬೇರೆ.

ತರಗು ಬೆಂಕಿ: ಫಾರ್ವರ್ಡ್ ಹೇಳದ ಅರ್ಧ ಕಥೆ

ಮೊದಲ ಫಾರ್ವರ್ಡ್‌ಗೆ ಬರೋಣ. ಸೋಲಿಗರು ಹಿಂದೆ ಕಾಡಿಗೆ ಬೆಂಕಿ ಹಾಕುತ್ತಿದ್ದರೇ? ಹೌದು. ಅವರೇ ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೊಂದು ಹೆಸರೂ ಇದೆ: 'ತರಗು ಬೆಂಕಿ'. ತರಗು ಎಂದರೆ ನೆಲಕ್ಕೆ ಬಿದ್ದ ಒಣ ಎಲೆ.

ಬಿಸಿಲು ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತೇವ ಇರುವಾಗ, ತರಗೆಲೆ ತೆಳುವಾಗಿ ಬಿದ್ದಿರುವಾಗ ಹಾಕುವ ಬೆಂಕಿ ಇದು. ಜ್ವಾಲೆ ಮೊಳಕಾಲಿನಷ್ಟು ಎತ್ತರ ಹೋದರೆ ಹೆಚ್ಚು. ಒಣ ಎಲೆ, ಒಣ ಹುಲ್ಲು ಸುಟ್ಟು ಬೆಂಕಿ ತಾನೇ ಆರುತ್ತದೆ. ದಪ್ಪ ತೊಗಟೆಯ ದೊಡ್ಡ ಮರಗಳಿಗೆ ಅದು ತಟ್ಟುವುದಿಲ್ಲ. ನಂತರ ಹೊಸ ಹುಲ್ಲು ಚಿಗುರುತ್ತದೆ, ಜಿಂಕೆ ಕಡವೆಗಳು ಬರುತ್ತವೆ, ಉಣ್ಣೆಹುಳು ಕಡಿಮೆಯಾಗುತ್ತವೆ, ನಡೆಯುವಾಗ ದೂರದ ಆನೆಯೂ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಡುಬೇಸಿಗೆಯ ಹೊತ್ತಿಗೆ ಉರಿಯಲು ನೆಲದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾಯಿತು. ಸೋಲಿಗರ ಬೇಟೆ ನಿಂತಿತು, ಜಾಗ ಬದಲಿಸುತ್ತ ಮಾಡುವ ಬೇಸಾಯ ನಿಂತಿತು, ತರಗು ಬೆಂಕಿಯೂ ನಿಂತಿತು. ಕಾಡಿನೊಳಗಿನ ಅನೇಕ ಕುಟುಂಬಗಳನ್ನು ಕಾಡಂಚಿನ ಪೋಡುಗಳಿಗೆ ತಂದು ಕೂರಿಸಲಾಯಿತು.

ಆಮೇಲೆ ಕಾಡಿನಲ್ಲಿ ಒಂದು ಗಿಡ ಹಬ್ಬತೊಡಗಿತು. ಲಂಟಾನ. ನೀವೂ ನೋಡಿರುತ್ತೀರಿ. ಹಳದಿ, ಕೆಂಪು, ಗುಲಾಬಿ ಬಣ್ಣದ ಸಣ್ಣ ಹೂಗೊಂಚಲು, ಒರಟು ಎಲೆ, ಉಜ್ಜಿದರೆ ಗಾಟು ವಾಸನೆ. ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರು ಎರಡು ಶತಮಾನದ ಹಿಂದೆ ತೋಟದ ಅಂದಕ್ಕಾಗಿ ಭಾರತಕ್ಕೆ ತಂದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿರಂಗನ ಬೆಟ್ಟದ ಅವೇ ಜಾಗಗಳನ್ನು 1997ರಲ್ಲಿ ಮತ್ತು 2008ರಲ್ಲಿ ಅಳೆದು ನೋಡಿದರು. ಆ 11 ವರ್ಷಗಳಲ್ಲಿ ಲಂಟಾನ ಇರುವ ಜಾಗಗಳ ಸಂಖ್ಯೆ ಸುಮಾರು ದುಪ್ಪಟ್ಟಾಗಿತ್ತು.

ಸೋಲಿಗ ಹಿರಿಯರನ್ನು ಕೇಳಿದಾಗ ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಇದು: ತರಗು ಬೆಂಕಿ ಇದ್ದಾಗ ಲಂಟಾನದ ಎಳೆ ಸಸಿಗಳು ಸುಟ್ಟುಹೋಗುತ್ತಿದ್ದವು, ಬೆಂಕಿ ನಿಂತ ಮೇಲೆ ಅವು ಪೊದೆಯಾದವು. ಈ ವಿವರಣೆಯನ್ನು ಸಂಶೋಧಕರು 2012ರ ಒಂದು ಪ್ರಬಂಧದಲ್ಲಿ ದಾಖಲಿಸಿದ್ದಾರೆ. ಬೆಂಕಿಯೇ ಲಂಟಾನವನ್ನು ಹೆಚ್ಚಿಸುತ್ತದೆ ಎಂಬ ವಾದವೂ ವಿಜ್ಞಾನಿಗಳಲ್ಲಿ ಇತ್ತು. ಹಿರಿಯರ ಮಾತು ಆ ವಾದವನ್ನು ಮತ್ತೆ ಪರೀಕ್ಷಿಸಿ ನೋಡುವಂತೆ ಮಾಡಿತು. ಯಾವ ಬೆಂಕಿ, ಯಾವ ತಿಂಗಳಲ್ಲಿ, ಎಷ್ಟು ಬಿಸಿಯದು ಎಂದು ಕೇಳದೆ 'ಬೆಂಕಿ' ಎಂಬ ಒಂದೇ ಪದದಲ್ಲಿ ತೀರ್ಪು ಕೊಡಲಾಗದು.

ಇಲ್ಲಿ ಒಂದು ಎಚ್ಚರಿಕೆ. "ಹಾಗಾದರೆ ಈಗ ಮತ್ತೆ ಬೆಂಕಿ ಹಾಕಿದರಾಯಿತು" ಎಂದುಕೊಳ್ಳಬೇಡಿ. ಆಳೆತ್ತರದ ಲಂಟಾನ ಪೊದೆ ಹೊತ್ತಿಕೊಂಡರೆ ಜ್ವಾಲೆ ಮರದ ತುದಿ ಮುಟ್ಟುತ್ತದೆ. ಅದು ತರಗು ಬೆಂಕಿ ಆಗುವುದಿಲ್ಲ, ಕಾಡ್ಗಿಚ್ಚಾಗುತ್ತದೆ. ಹಳೆಯ ಮದ್ದು ಹೊಸ ರೋಗಕ್ಕೆ ನೇರವಾಗಿ ಹೊಂದುವುದಿಲ್ಲ. ಕಾಡಿಗೆ ಬೆಂಕಿ ಹಚ್ಚುವುದು ಕಾನೂನಿನಲ್ಲಿ ಅಪರಾಧವೂ ಹೌದು.

ನೆಲ್ಲಿಮರ ಮತ್ತು ಉಪ್ಪಿಲು

ಇನ್ನೊಂದು ಉದಾಹರಣೆಯನ್ನು ನೀವು ನಿಮ್ಮ ಹಿತ್ತಲಿನಲ್ಲೇ ನೋಡಬಹುದು. ಹಳೆಯ ಮಾವಿನ ಮರವನ್ನು ತಲೆಯೆತ್ತಿ ನೋಡಿ. ಕೆಲವು ಕೊಂಬೆಗಳಲ್ಲಿ ಮಾವಿನದಲ್ಲದ ಎಲೆಗಳ ಒಂದು ಗುಂಪು ಕಾಣಬಹುದು. ಅದು ಬಂದಳಿಕೆ. ಹಕ್ಕಿಗಳು ಅದರ ಅಂಟಂಟು ಹಣ್ಣು ತಿಂದು ಬೀಜವನ್ನು ಇನ್ನೊಂದು ಕೊಂಬೆಗೆ ಅಂಟಿಸುತ್ತವೆ. ಬೀಜ ಮೊಳೆತು ಕೊಂಬೆಯೊಳಗೆ ಬೇರು ಇಳಿಸಿ ಮರದ ನೀರು, ಲವಣ ಹೀರುತ್ತದೆ. ಎಲೆ ಹಸಿರಾಗಿರುವುದರಿಂದ ಊಟ ತಾನೇ ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಇದು ಅರೆ ಪರಾವಲಂಬಿ.

ಬಿಳಿಗಿರಿರಂಗನ ಬೆಟ್ಟದ ನೆಲ್ಲಿಮರಗಳಿಗೂ ಇಂಥದೇ ಬಂದಳಿಕೆ ಹತ್ತುತ್ತದೆ. ಸೋಲಿಗರು ಅದನ್ನು 'ಉಪ್ಪಿಲು' ಎನ್ನುತ್ತಾರೆ. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಪಾಚಿ ಇವನ್ನು ಆಯ್ದು ಆದಿವಾಸಿಗಳ ವಿವಿಧೋದ್ದೇಶ ಸಹಕಾರ ಸಂಘ 'ಲ್ಯಾಂಪ್ಸ್'ಗೆ ಮಾರುವುದು ಅವರ ಮುಖ್ಯ ಆದಾಯವಾಗಿತ್ತು. ನೆಲ್ಲಿಮರಗಳು ಕ್ಷೀಣಿಸುತ್ತಿರುವುದು ಕಂಡಾಗ ಹೊರಗಿನವರ ಮೊದಲ ಅನುಮಾನ ಕಾಯಿ ಕೀಳುವವರ ಮೇಲೆಯೇ. ಸೋಲಿಗರು ಬೆರಳು ತೋರಿಸಿದ್ದು ಉಪ್ಪಿಲಿನ ಕಡೆಗೆ. ಅದು ಹತ್ತಿದ ಮರ ಕಾಯಿ ಕಡಿಮೆ ಬಿಡುತ್ತದೆ, ಕೊನೆಗೆ ಸಾಯುತ್ತದೆ, ಬೆಂಕಿ ನಿಂತ ಮೇಲೆ ಅದು ಹೆಚ್ಚಾಗಿದೆ ಎಂದರು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅವರ ಈ ತಿಳಿವಳಿಕೆಯನ್ನು ವಿಜ್ಞಾನದ ಅಳತೆಗಳೊಂದಿಗೆ ಇಟ್ಟು ನೋಡಿತು. ಎರಡೂ ಎಲ್ಲ ಕಡೆ ತಾಳೆಯಾಗಬೇಕೆಂದಿಲ್ಲ. ಆದರೆ ಎರಡನ್ನೂ ಸೇರಿಸಿ ನೋಡಿದಾಗ ಮರದ ಕಥೆ ಒಂದರಿಂದ ತಿಳಿಯುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಸೋಲಿಗರು ಎಂದೂ ತಪ್ಪೇ ಮಾಡುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಉಪ್ಪಿನಕಾಯಿಗೆ ಬಳಸುವ ಮಾಗಳಿ ಬೇರಿನ ಕಥೆ ನೋಡಿ. ಬೇರು ಅಗೆದರೆ ಬಳ್ಳಿಯೇ ಹೋಗುತ್ತದೆ. ಮನೆಬಳಕೆಗೆ ಅಗೆಯುವಾಗ ತಡೆದುಕೊಂಡ ಕಾಡು ಮಾರುಕಟ್ಟೆಯ ಬೇಡಿಕೆಯನ್ನು ತಡೆದುಕೊಳ್ಳುವುದಿಲ್ಲ. ದಕ್ಷಿಣ ಭಾರತದ ಎಷ್ಟೋ ಕಾಡುಗಳಲ್ಲಿ ಮಾಗಳಿ ಈಗ ಅಪರೂಪ. ಜ್ಞಾನ ಇದ್ದರೂ ಹೊಟ್ಟೆಪಾಡು ಮತ್ತು ವ್ಯಾಪಾರ ಅದನ್ನು ಮೀರಿಸಬಲ್ಲವು.

"ಓದಿಲ್ಲದವರ ಮಾತು ವಿಜ್ಞಾನವೇ?"

ಈ ಪ್ರಶ್ನೆ ನಮಗೆ ಆಗಾಗ ಬರುತ್ತದೆ. ವಿಜ್ಞಾನದಲ್ಲಿ ಗಮನಿಸುವುದು, ಹೋಲಿಸುವುದು, ತಪ್ಪಿದರೆ ತಿದ್ದಿಕೊಳ್ಳುವುದು, ದಾಖಲಿಸುವುದು ಎಂಬ ಹಂತಗಳಿವೆ. ಕಾಡಿನ ಜನ ಮೊದಲ ಮೂರನ್ನು ತಲೆತಲಾಂತರದಿಂದ ಮಾಡಿದ್ದಾರೆ. ದಾಖಲೆ ಮಾತ್ರ ಕಾಗದದಲ್ಲಿಲ್ಲ. ಅದು ಹಾಡಿನಲ್ಲಿದೆ, ಜಾಗದ ಹೆಸರಿನಲ್ಲಿದೆ, ಅಜ್ಜಿಯ ನೆನಪಿನಲ್ಲಿದೆ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರನ್ನು ನೆನೆಯಿರಿ. ಹಾಲಕ್ಕಿ ಒಕ್ಕಲಿಗ ಸಮುದಾಯದ ಅವರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದರು. ಯಾವ ಮರದ ಬೀಜ ಯಾವಾಗ ಆಯಬೇಕು, ಕಾಡಿನ ಯಾವ ತಾಯಿಮರದಿಂದ ಆಯಬೇಕು ಎಂದು ಅವರಿಗೆ ಗೊತ್ತಿತ್ತು. 2021ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದ ಅವರ ಫೋಟೊ ನಿಮ್ಮ ಫೋನಿಗೂ ಬಂದಿರಬಹುದು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅಂಥವರೊಬ್ಬರು ಹೋದಾಗ ಎಷ್ಟು ಮರಗಳ ವಿಷಯ ಅವರೊಂದಿಗೆ ಹೋಯಿತೆಂದು ಲೆಕ್ಕ ಹಾಕಲು ಬರುವುದಿಲ್ಲ.

ಸೋಲಿಗರ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಈ ಜ್ಞಾನವನ್ನು ಬರೆದಿಡುವವರಲ್ಲಿ ಸೋಲಿಗರೇ ಇದ್ದಾರೆ. ಸಿ. ಮಾದೇಗೌಡ ಸೋಲಿಗ ಸಮುದಾಯದವರು, ಪಿಎಚ್‌ಡಿ ಮಾಡಿದ ಸಂಶೋಧಕರು. ಬಿಳಿಗಿರಿರಂಗನ ಬೆಟ್ಟದಲ್ಲಿ ಪತ್ತೆಯಾದ ಒಂದು ಹೊಸ ಕಣಜಕ್ಕೆ ಏಟ್ರೀ ವಿಜ್ಞಾನಿಗಳು 'ಸೋಲಿಗ ಎಕ್ಯಾರಿನಾಟ' ಎಂದೇ ಹೆಸರಿಟ್ಟಿದ್ದಾರೆ.

ನಕ್ಷೆಯಲ್ಲಿ ಖಾಲಿ ಜಾಗ ಯಾವುದು?

ಈಗ ಈ ಎಲ್ಲದರ ನಡುವಿನ ಮುಖ್ಯ ವಿಷಯ. ಕಾಡಿನ ಜ್ಞಾನ ಡಬ್ಬಿಯಲ್ಲಿ ತುಂಬಿ ಕೊರಿಯರ್ ಮಾಡುವ ಪುಡಿ ಅಲ್ಲ. ಅದು ಕಾಡಿನಲ್ಲಿ ನಡೆಯುತ್ತಿರುವವರೆಗೆ ಮಾತ್ರ ಬದುಕಿರುತ್ತದೆ. ಮೊಮ್ಮಗಳು ಅಜ್ಜನ ಜೊತೆ ಜೇನಿಗೆ ಹೋಗದಿದ್ದರೆ ಯಾವ ಮರ ಹೂ ಬಿಟ್ಟಾಗ ಯಾವ ರುಚಿಯ ಜೇನು, ಹೆಜ್ಜೇನು ಯಾವ ತಿಂಗಳಲ್ಲಿ ಬಂದು ಯಾವಾಗ ಹಾರಿಹೋಗುತ್ತದೆ ಎಂಬುದು ಅವಳಿಗೆ ಹೇಗೆ ತಿಳಿಯಬೇಕು?

ಸೋಲಿಗರು ಏಟ್ರೀ ಸಂಶೋಧಕರ ಜೊತೆ ಸೇರಿ ಬೆಟ್ಟದ ನಕ್ಷೆಯೊಂದನ್ನು ತಯಾರಿಸಿದರು. ದೇವರ ಜಾಗ, ಮಾರಮ್ಮನ ಜಾಗ, ವೀರರ ಜಾಗ, ಕಲ್ಲುಗುಡಿ, ನೀರಿನ ಅಬ್ಬಿ ಹೀಗೆ ಒಟ್ಟು 489 ತಾಣಗಳು ಅದರಲ್ಲಿ ದಾಖಲಾದವು. ಸರ್ಕಾರಿ ನಕ್ಷೆಯಲ್ಲಿ ಬರೀ ಹಸಿರು ಬಣ್ಣವಾಗಿ ಕಾಣುವ ಕಾಡು ಈ ನಕ್ಷೆಯಲ್ಲಿ ಹೆಸರುಗಳಿಂದ ತುಂಬಿಹೋಯಿತು.

ಭೂಮಿಯ ಇನ್ನೊಂದು ಬದಿಯಲ್ಲಿ ವಾವೊರಾನಿಗಳೂ ಇದನ್ನೇ ಮಾಡಿದ್ದಾರೆ. ಸರ್ಕಾರ ಅವರ ಕಾಡನ್ನು ತೈಲ ಕಂಪನಿಗಳಿಗೆ ಹರಾಜು ಹಾಕಲು ಹೊರಟಾಗ ಆ ನಕ್ಷೆಯಲ್ಲಿ ಇದ್ದದ್ದು ಬರೀ ಚೌಕಗಳು. ವಾವೊರಾನಿಗಳು ತಮ್ಮದೇ ನಕ್ಷೆ ಮಾಡಿ ಬೇಟೆಯ ಜಾಡು, ಔಷಧಿ ಗಿಡ, ಪ್ರಾಣಿಗಳು ನೀರಿಗೆ ಬರುವ ಜಾಗ ಎಲ್ಲವನ್ನೂ ತುಂಬಿದರು. ನೆಮೊಂಟೆ ನೆಂಕ್ವಿಮೊ ಎಂಬ ಮಹಿಳೆಯ ಮುಂದಾಳತ್ವದಲ್ಲಿ ನ್ಯಾಯಾಲಯಕ್ಕೆ ಹೋಗಿ 2019ರ ಏಪ್ರಿಲ್ 26ರಂದು ಗೆದ್ದರು. ಸುಮಾರು 5 ಲಕ್ಷ ಎಕರೆ ಕಾಡು ಉಳಿಯಿತು. 2023ರ ಆಗಸ್ಟ್ 20ರಂದು ಯಾಸುನಿ ರಾಷ್ಟ್ರೀಯ ಉದ್ಯಾನದ ಒಂದು ಭಾಗದಲ್ಲಿ ತೈಲ ತೆಗೆಯುವುದನ್ನು ನಿಲ್ಲಿಸಬೇಕೆಂದು ಈಕ್ವೆಡಾರ್ ಜನ ಮತ ಹಾಕಿದರು. ಫಾರ್ವರ್ಡ್‌ನಲ್ಲಿ ಬೇರು ಮಾರಲು ಬಳಸಿದ ಮುಖದ ಹಿಂದಿನ ನಿಜವಾದ ಸುದ್ದಿ ಇದು.

ನಮ್ಮಲ್ಲಿ ಏನಾಯಿತು? 2006ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಜೇನು, ನೆಲ್ಲಿ ಆಯುವುದನ್ನೂ ನಿಲ್ಲಿಸಲಾಯಿತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಆದಿವಾಸಿಗಳಿಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು.

ಇಲ್ಲಿ ಇನ್ನೊಂದು ಫಾರ್ವರ್ಡ್ ಹುಟ್ಟಿಕೊಂಡಿತು: "ಸೋಲಿಗರು ಉಳಿದರು, ಹುಲಿ ದುಪ್ಪಟ್ಟಾಯಿತು." 2010ರಿಂದ 2014ರ ನಡುವೆ ಅಲ್ಲಿನ ಹುಲಿಗಳು ಸುಮಾರು 35ರಿಂದ 68ಕ್ಕೆ ಏರಿದವು ಎಂಬ ಲೆಕ್ಕ ಆಗ ಸುದ್ದಿಯಾಗಿತ್ತು. ನಮಗೆ ಇಷ್ಟವಾಗುವ ಸುದ್ದಿಯಾದರೂ ಜೋಪಾನ. ಹುಲಿಗಳು ಪಕ್ಕದ ಸತ್ಯಮಂಗಲ, ಮಲೆ ಮಹದೇಶ್ವರ ಕಾಡುಗಳಿಗೂ ಓಡಾಡುತ್ತವೆ, ಎಣಿಸುವ ವಿಧಾನವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಸೋಲಿಗರಿಂದಲೇ ಹುಲಿ ಹೆಚ್ಚಾಯಿತು ಎನ್ನಲು ಇದು ಸಾಕ್ಷಿಯಲ್ಲ. ಜನ ಅಲ್ಲಿದ್ದರೂ ಹುಲಿ ಬದುಕಬಲ್ಲದು ಎನ್ನಲು ಮಾತ್ರ ಸಾಕು. "ಜನರನ್ನು ಹೊರಗೆ ಹಾಕಿದರೆ ಮಾತ್ರ ಕಾಡು ಉಳಿಯುತ್ತದೆ" ಎಂಬ ಮಾತಿಗೆ ಅಷ್ಟೇ ಉತ್ತರ ಸಾಕು.

ಕಾಡಿನ ಜನರಿಗೂ ಆಸ್ಪತ್ರೆ ಬೇಕು

ಮೂಲಿಕೆಯ ಫಾರ್ವರ್ಡ್ ಮಾಡುವ ದೊಡ್ಡ ಅನ್ಯಾಯ ಇದು. ಕಾಡಿನ ಜನರಿಗೆ ಕಾಯಿಲೆಯೇ ಇಲ್ಲ ಎಂದರೆ ಅವರಿಗೆ ವೈದ್ಯರೂ ಬೇಡ ಎಂದಾಗುತ್ತದೆ. ಚಾಮರಾಜನಗರದ ಆದಿವಾಸಿಗಳಲ್ಲಿ ಕುಡಗೋಲು ಕಣ ರಕ್ತಹೀನತೆ ಕಂಡುಬರುತ್ತದೆ. ಇದು ತಂದೆ ತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ. ಇದರಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ವಿಪರೀತ ನೋವು ಕೊಡುತ್ತವೆ. ಇದಕ್ಕೆ ರಕ್ತಪರೀಕ್ಷೆ ಬೇಕು, ನಿಯಮಿತ ಚಿಕಿತ್ಸೆ ಬೇಕು. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದ್ದು ಅಲ್ಲಿ ಆಸ್ಪತ್ರೆ, ಶಾಲೆ ಎರಡೂ ಬೇಕಿದ್ದುದರಿಂದಲೇ. ಗಿಡ ಗೊತ್ತಿರುವ ಸೋಲಿಗ ಅಜ್ಜಿಯೂ ಮೊಮ್ಮಗುವಿಗೆ ಜೋರು ಜ್ವರ ಬಂದರೆ ಆಸ್ಪತ್ರೆಗೆ ಹೋಗುತ್ತಾಳೆ. ನಾವು ಮಾತ್ರ ಅವಳ ಹೆಸರಿನಲ್ಲಿ ಪುಡಿ ತರಿಸಿಕೊಳ್ಳುತ್ತೇವೆ.

ಫಾರ್ವರ್ಡ್ ಮಾಡುವ ಮೊದಲು

1. ಸಮುದಾಯದ ಹೆಸರಿನ ಜೊತೆ ಊರು, ಕಾಡು, ದೇಶದ ಹೆಸರು ಇದೆಯೇ? 'ಅಮೆಜಾನ್ ಆದಿವಾಸಿ' ಎಂದಷ್ಟೇ ಇದ್ದರೆ ಅನುಮಾನಿಸಿ.
2. ಕೊನೆಯಲ್ಲಿ ಫೋನ್ ನಂಬರು, ಬೆಲೆ, 'ಕೆಲವೇ ಡಬ್ಬಿ ಉಳಿದಿವೆ' ಎಂಬ ಮಾತು ಇದೆಯೇ? ಅದು ಜಾಹೀರಾತು.
3. ಒಂದೇ ಮದ್ದು ಬಿಪಿ, ಶುಗರ್, ಕ್ಯಾನ್ಸರ್, ಮಂಡಿನೋವು ಎಲ್ಲಕ್ಕೂ ಎನ್ನುತ್ತದೆಯೇ? ಅಂಥ ಮದ್ದು ಯಾವ ಕಾಡಿನಲ್ಲೂ ಇಲ್ಲ.
4. ಬೆಂಕಿಯ ವಿಡಿಯೊದಲ್ಲಿ ಎಲ್ಲಿಯದು, ಯಾವಾಗಿನದು, ಯಾರು ಹಚ್ಚಿದ್ದು ಎಂದಿದೆಯೇ? ಇಲ್ಲದಿದ್ದರೆ ಒಂದು ಸಮುದಾಯದ ಮೇಲೆ ಹೊರಿಸಬೇಡಿ.
5. ಓದಿದ ಮೇಲೆ ಆ ಜನರ ಬಗ್ಗೆ ನಿಮಗೆ ಏನಾದರೂ ತಿಳಿಯಿತೇ, ಅಥವಾ ಬರೀ ಸಿಟ್ಟೋ ಆಸೆಯೋ ಹುಟ್ಟಿತೇ?

ದೊಡ್ಡಪ್ಪನ ಕೊನೆಯ ಪ್ರಶ್ನೆ

ಇಷ್ಟನ್ನೂ ನಮ್ಮ ಸಹೋದ್ಯೋಗಿ ಊರಿಗೆ ಹೋದಾಗ ದೊಡ್ಡಪ್ಪನಿಗೆ ಓದಿ ಹೇಳಿದರು. ಗುಳಿಗೆ ಬಿಡುವುದಿಲ್ಲ ಎಂದು ಅವರು ಒಪ್ಪಿದರು. ಮನೆ ಮುಂದಿನ ಮಾವಿನ ಮರದಲ್ಲಿ ಬಂದಳಿಕೆ ಹುಡುಕಿ ತೋರಿಸಿದರು. ಕಾಡಿನ ಬೆಂಕಿಯ ವಿಡಿಯೊವನ್ನು ಗ್ರೂಪಿನಿಂದ ತೆಗೆದುಹಾಕಿದರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರಂತೆ: "ಹಂಗಾರ ಆ ಸೋಲಿಗರ ಜೇನು ಛಲೋ ಇರತೈತೇನು? ಅದನ್ನರ ತಿನ್ನಬಹುದಲ್ಲ?"

ಜೇನು ಎಷ್ಟೇ ಅಪ್ಪಟವಾಗಿದ್ದರೂ ಅದರಲ್ಲಿರುವುದು ಹೆಚ್ಚಾಗಿ ಸಕ್ಕರೆಯೇ. ಶುಗರ್ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಉಳಿದವರು ಸೋಲಿಗರ ಜೇನನ್ನು ಅವರದೇ ಸಂಘಗಳಿಂದ ನ್ಯಾಯವಾದ ಬೆಲೆ ಕೊಟ್ಟು ಕೊಂಡು ತಿನ್ನಬಹುದು. ಮದ್ದೆಂದು ತಿನ್ನಬೇಕಿಲ್ಲ, ರುಚಿಗೆ ತಿಂದರೆ ಸಾಕು.